ಭೀಮ್ಯಾನ ಆರನೆಯ ಕಾಲು

ಮುಂಬಯಿಯಂಥ ಮುಂಬಯಿಯಲ್ಲಿ ಜಿರಳೆಯನ್ನು ಕಂಡಾಗ ಚಪ್ಪಲಿಗೆ ಕೈಹಾಕದ ಗೃಹಸ್ಥರು ಒಬ್ಬರೇ ಒಬ್ಬರು ಇದ್ದರು ಎಂದು ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ಸಾಕ್ಷಿ ಹೇಳುತ್ತೇನೆ. ಅವರು ನಮ್ಮ ಭಾವ. ಅಂದರೆ ನನ್ನ ಸ್ವಂತ ಅಕ್ಕನ ಗಂಡ. ಚಪ್ಪಲಿಯ ಮಾತು ಹಾಗಿರಲಿ, ಮೋರಿಯ ಹತ್ತಿರ ಜಿರಳೆ ಎದುರಾದರೆ ಪಕ್ಕಕ್ಕೆ ಸರಿದು ಅದಕ್ಕೆ ದಾರಿ ಬಿಡುತ್ತಿದ್ದರು! ಹೆಣ್ಣು ಕೊಟ್ಟ ಮಾವ, ಎಂದರೆ ನಮ್ಮಪ್ಪ, ಧಾರವಾಡದಿಂದ ಬಂದಾಗ ಕೂಡ ಅವರು ಅಷ್ಟು ಮರ್ಯಾದೆ ತೋರಿಸಿದ್ದನ್ನು ನಾನು ನೋಡಿಲ್ಲ.

ಇನ್ನೂ ಟ್ರಾಮುಗಳು ಗಂಟೆ ಬಾರಿಸುತ್ತ ಓಡಾಡುತ್ತಿದ್ದ ಕಾಲ ಅದು. ಭಾವ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ದೊಡ್ಡ ಪ್ರೊಫೆಸರರೇನಲ್ಲ. ಪ್ರೊಫೆಸರರು ಹಲಗೆಯ ಮೇಲೆ ಬರೆದು, ಸೀಮೆಸುಣ್ಣದ ಕೈ ಝಾಡಿಸಿಕೊಂಡು ಹೋದ ಮೇಲೆ, ಹುಡುಗರ ಕೈಯಲ್ಲಿ ಕಪ್ಪೆ ಜಿರಳೆಗಳನ್ನು ಕೊಯ್ಯಿಸುವ ಕೆಲಸ ಇವರದು. ಗ್ರಾಂಟ್ ರೋಡ್ ಸ್ಟೇಶನ್ನಿನ ಹತ್ತಿರ ಒಂದು ಚಾಳಿನ ಮೇಲಿನ ಮಜಲಿನಲ್ಲಿ ಎರಡು ಖೋಲಿಯ ಮನೆ. ಅದರಲ್ಲಿ ಭಾವ, ಅಕ್ಕ, ಅವರ ಒಬ್ಬಳೇ ಮಗಳು ಮಂದಾ, ಮತ್ತು ‘ಬೇರೆ ಮನೆ ಸಿಗುವ ತನಕ’ ಎಂದು ಟ್ರಂಕು ಇಳಿಸಿ, ವರ್ಷಗಳು ಕಳೆದರೂ ಬೇರೆ ಮನೆ ಸಿಗದ ಗುಮಾಸ್ತ ನಾನು. ಜಿರಳೆಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಹಿಡಿದರೆ ನಾವು ಅಲ್ಪಸಂಖ್ಯಾತರಾಗಿಬಿಡುತ್ತೇವೆ!

ಭಾವನಿಗೆ ಮಡಿಯಿಲ್ಲ, ಮೈಲಿಗೆಯಿಲ್ಲ. ಇದ್ದದ್ದು ಒಂದೇ ಧರ್ಮ: ಕಂಡದ್ದನ್ನಷ್ಟೇ ಹೇಳಬೇಕು. ಒಮ್ಮೆ ಬೆಳಗಾವಿ ಕಡೆಯ ಒಬ್ಬ ವಿದ್ಯಾರ್ಥಿ ಪರೀಕ್ಷೆಯಲ್ಲಿ ಜಿರಳೆಯ ಚಿತ್ರ ಬರೆದನಂತೆ. ಚಿತ್ರವೆಂದರೆ ಚಿತ್ರ! ಗೋಡೆಯ ಕ್ಯಾಲೆಂಡರಿಗೆ ಹಾಕಿಸಬಹುದು, ಅಂಥದ್ದು. ಭಾವ ಚಿತ್ರ ನೋಡಿದರು, ಅವನ ತಟ್ಟೆಯಲ್ಲಿ ಸತ್ತು ಬಿದ್ದಿದ್ದ ಜಿರಳೆಯನ್ನು ನೋಡಿದರು. ಅದಕ್ಕೆ ಒಂದೇ ಮೀಸೆ.

“ಎರಡನೇ ಮೀಸಿ ಎಲ್ಲದಪಾ?”

“ಇರಬೇಕಲ್ರೀ ಸರ್. ಎಲ್ಲಾ ಜಿರಳೀಗೂ ಎರಡೆರಡು ಇರ್ತಾವ.”

“ಇರಬೇಕು ಅನ್ನೂದು ಬ್ಯಾರೆ, ಅದ ಅನ್ನೂದು ಬ್ಯಾರೆ. ಸೊನ್ನಿ.”

ಹುಡುಗ ಅತ್ತನಂತೆ. ಅತ್ತರೆ ಜಿರಳೆಗೆ ಮೀಸೆ ಬರುತ್ತದೆಯೆ?

ಈ ಧರ್ಮ ಕಾಲೇಜಿನಲ್ಲೇ ಇದ್ದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಅದು ಮನೆಗೂ ಬರುತ್ತಿತ್ತು. ಮಾಟುಂಗಾದಲ್ಲಿದ್ದ ನಮ್ಮ ಕಡೆಯ ಹಿರಿಯರೊಬ್ಬರು ತಮ್ಮ ಮಗಳಿಗೆ ನನ್ನನ್ನು ನೋಡಲು ಬಂದರು. ಅಕ್ಕ ಗೋಡಂಬಿ ಹಾಕಿ ಉಪ್ಪಿಟ್ಟು ಮಾಡಿದ್ದಳು. ನಾನು ಇಸ್ತ್ರಿ ಅಂಗಿ ತೊಟ್ಟು ಮರ್ಯಾದಸ್ಥನ ಹಾಗೆ ಮೂಲೆಯಲ್ಲಿ ಕುಳಿತಿದ್ದೆ. ಹಿರಿಯರು ಭಾವನ ಕಡೆ ತಿರುಗಿ, “ಹುಡುಗ ಹೆಂಗ್ರೀ? ಗುಣಾ ಛಲೋ ಅವೇನು?” ಎಂದು ಕೇಳಿದರು.

“ಗುಣಾ ನನ್ನ ಕಣ್ಣಿಗೆ ಬಿದ್ದಿಲ್ರೀ. ಬಿದ್ದದ್ದಷ್ಟ ಹೇಳ್ತೀನಿ. ಮುಂಜಾನೆ ಲಗೂ ಏಳಂಗಿಲ್ಲ. ಎದ್ದ ಕೂಡ್ಲೆ ಚಹಾ ಬೇಕಂತಾನ. ಚಹಾ ಕುಡದು ಮತ್ತ ಮಲಗ್ತಾನ.”

ಆ ಹಿರಿಯರು ಉಪ್ಪಿಟ್ಟನ್ನು ಪೂರ್ತಿ ತಿಂದರು, ಗೋಡಂಬಿಯನ್ನೂ ಬಿಡಲಿಲ್ಲ. ಆದರೆ ಮತ್ತೆಂದೂ ನಮ್ಮ ಚಾಳಿನ ಮೆಟ್ಟಿಲು ಹತ್ತಲಿಲ್ಲ. ಹೀಗೆ ಸತ್ಯಕ್ಕಾಗಿ ನಾನು ಬಹಳ ಕಾಲ ಬ್ರಹ್ಮಚಾರಿಯಾಗಿ ಉಳಿದೆ!

ಇಷ್ಟು ನಕ್ಕ ಮೇಲೆ, ನಗಲಿಕ್ಕೆ ಬಾರದ ಒಂದು ಮಾತನ್ನೂ ಹೇಳಬೇಕು. ಮಂದಾ ಇನ್ನೂ ಸಣ್ಣವಳಿದ್ದಾಗ ಒಂದು ಮಳೆಗಾಲ ಅವಳಿಗೆ ಜ್ವರ ಬಂತು. ಜ್ವರ ಇಳಿಯಿತು. ಇಳಿಯುವಾಗ ಎಡಗಾಲನ್ನು ತನ್ನ ಜೊತೆಗೆ ತೆಗೆದುಕೊಂಡು ಹೋಯಿತು. ಕಾಲು ಇತ್ತು, ಆದರೆ ಏಳುತ್ತಿರಲಿಲ್ಲ. ಆ ವರ್ಷ ಊರಿನಲ್ಲಿ ಪೋಲಿಯೊ ಎಂಬ ಶಬ್ದವನ್ನು ಜನ ಮೆಲ್ಲಗೆ ಹೇಳುತ್ತಿದ್ದರು, ಜೋರಾಗಿ ಹೇಳಿದರೆ ಮನೆಯೊಳಗೆ ಬಂದೀತೇನೋ ಎಂಬ ಹಾಗೆ. ನಮ್ಮ ಮನೆಗೆ ಅದು ಮೊದಲೇ ಬಂದುಬಿಟ್ಟಿತ್ತು.

ಡಾಕ್ಟರು ಒಳ್ಳೆಯವರು. ಕೂರಿಸಿಕೊಂಡು ತಿಳಿಸಿ ಹೇಳಿದರು. ಕಾಲಿನಲ್ಲಿ ದೋಷವಿಲ್ಲ, ಕಾಲಿಗೆ ಅಪ್ಪಣೆ ಕೊಡುವ ನರಕೋಶಗಳು ಬೆನ್ನುಹುರಿಯಲ್ಲಿರುತ್ತವೆ, ಅವು ಸತ್ತಿವೆ, ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ. ಅಕ್ಕ ಸೆರಗು ಬಾಯಿಗೊತ್ತಿಕೊಂಡಳು. ಭಾವ ಮಾತ್ರ, ಪರೀಕ್ಷೆಯ ಹುಡುಗನನ್ನು ಕೇಳುವ ಧ್ವನಿಯಲ್ಲೇ, “ಹುಟ್ಟೂದಿಲ್ಲ ಅಂತ ಯಾರು ನೋಡ್ಯಾರ?” ಎಂದು ಕೇಳಿದರು. ಡಾಕ್ಟರು ಉತ್ತರ ಕೊಡಲಿಲ್ಲ. ಕೊಡದಿದ್ದದ್ದೇ ತಪ್ಪಾಯಿತು. ಯಾರೂ ನೋಡಿಲ್ಲ ಎಂದರೆ ತಾನು ನೋಡಬೇಕು ಎಂದು ಭಾವ ಅಂದೇ ನಿಶ್ಚಯಿಸಿಬಿಟ್ಟರು. ನಮ್ಮ ಮನೆಗೆ ಜಿರಳೆಗಳು ಬಂದದ್ದು ಹೀಗೆ.

ಜಿರಳೆಯೇ ಯಾಕೆ? ನಾನೂ ಕೇಳಿದೆ. ಮರಿ ಜಿರಳೆಯ ಕಾಲು ಮುರಿದರೆ, ಮುಂದೆ ಪೊರೆ ಕಳಚುವಾಗ ಅದಕ್ಕೆ ಹೊಸ ಕಾಲು ಬರುತ್ತದೆಯಂತೆ. “ದೇವರು ಜಿರಳೀಗೆ ಕೊಟ್ಟಾನ, ನಮಗ ಕೊಟ್ಟಿಲ್ಲ. ಯಾಕ ಕೊಟ್ಟಿಲ್ಲ ಅಂತ ನೋಡಬೇಕಲ್ಲೋ?” ಎಂದರು. ದೇವರನ್ನೇ ತಟ್ಟೆಯಲ್ಲಿ ಮಲಗಿಸಿ ಕೊಯ್ದು ನೋಡುವ ಉತ್ಸಾಹ ಅವರ ಮುಖದಲ್ಲಿತ್ತು.

ಕಾಲೇಜಿನ ಜಿರಳೆಗಳು ಸಾಕಾಗಲಿಲ್ಲ. ಹಾಗಾಗಿ ಒಂದು ಬೆಳಿಗ್ಗೆ, ನಾಷ್ಟಾಕ್ಕೆ ಜನ ಕಿಕ್ಕಿರಿದ ಹೊತ್ತಿನಲ್ಲಿ, ಭಾವ ನನ್ನನ್ನೂ ಕರೆದುಕೊಂಡು ನಮ್ಮ ಚಾಳಿನ ಕೆಳಗಿದ್ದ ಉಡುಪಿಯವರ ಹೋಟೆಲಿಗೆ ಹೋಗಿ, ಗಲ್ಲಾದ ಮುಂದೆ ನಿಂತು, ತರಗತಿಯ ಕೊನೆಯ ಬೆಂಚಿಗೆ ಕೇಳುವ ಹಾಗೆ ವಿಚಾರಿಸಿದರು: “ನಿಮ್ಮಲ್ಲೆ ಜಿರಳಿ ಅವೇನ್ರೀ? ಛಲೋವು ಬೇಕಾಗಿದ್ವು.”

ಇಡ್ಲಿಗೆ ಹೋದ ಕೈಗಳೆಲ್ಲ ಅಲ್ಲೇ ನಿಂತವು. ಗಲ್ಲಾದ ಶೆಟ್ಟರು ಎದ್ದುನಿಂತು ಕೈಮುಗಿದರು.

“ಎಂತ ಮಾರಾಯ್ರೇ! ಮೆಲ್ಲ ಮಾತಾಡಿ! ಗಿರಾಕಿ ಉಂಟು!”

“ಇಲ್ಲಂದ್ರ ಇಲ್ಲನ್ರಿ. ಎದುರಿನ ಹೋಟೆಲ್ಲಿನ್ಯಾಗ ಕೇಳ್ತೀನಿ.”

ನೋಡಿ ಶೆಟ್ಟರ ಸಂಕಟವನ್ನು! ಉಂಟು ಎಂದರೆ ಹೋಟೆಲಿನ ಮಾನ ಹೋಗುತ್ತದೆ. ಇಲ್ಲ ಎಂದರೆ ಈ ಪುಣ್ಯಾತ್ಮ ಇದೇ ಪ್ರಶ್ನೆಯನ್ನು ಎದುರಿನವರಲ್ಲಿ ಕೇಳಿ, “ಶೆಟ್ಟರಲ್ಲಿ ಇಲ್ಲಂತ, ಅದಕ್ಕ ಬಂದೆ” ಎನ್ನುತ್ತಾನೆ. ಹಾಗಾದರೆ ಅದಕ್ಕಿಂತ ದೊಡ್ಡ ಜಾಹೀರಾತು ಯಾವುದು ಎಂದು ನಾನೇನೋ ಅಂದುಕೊಂಡೆ. ಶೆಟ್ಟರಿಗೆ ಅಷ್ಟು ದೂರ ಯೋಚನೆ ಹೋಗಲಿಲ್ಲ. ಭಾವನ ತೋಳು ಹಿಡಿದು ಒಳಗೆ ಭಟ್ಟಿಯ ಹತ್ತಿರ ಎಳೆದುಕೊಂಡು ಹೋದರು. ಅಲ್ಲಿ ಏನು ಮಾತಾಯಿತೋ, ಅಂತೂ ಮಂದಾಳ ಕಾಲಿನ ಸಂಗತಿ ಶೆಟ್ಟರಿಗೆ ತಿಳಿಯಿತು. ಅಂದಿನಿಂದ ಜಿರಳೆ ತುಂಬಿ ಬಾಳೆಲೆ ಕಟ್ಟಿದ ಒಂದು ಡಬ್ಬಿ ತಾನಾಗಿ ಬರತೊಡಗಿತು. ಅದರ ಜೊತೆಗೆ ಮಂದಾಳಿಗೆ ಒಂದು ಮಸಾಲೆ ದೋಸೆಯೂ ಬರುತ್ತಿತ್ತು. ಕ್ರಮೇಣ ಶೆಟ್ಟರಿಗೆ ತಮ್ಮ ಸರಕಿನ ಮೇಲೆ ಅಭಿಮಾನವೇ ಹುಟ್ಟಿತು! “ಎದುರಿನವರದ್ದು ಬರೇ ಸಪೂರ ಮಾಷ್ಟ್ರೇ. ನಮ್ಮದು ತುಪ್ಪದ್ದು ತಿಂದು ಬೆಳೆದದ್ದು, ನೋಡಿ ಹೇಗೆ ಉಂಟು!” ಎನ್ನುತ್ತಿದ್ದರು.

ಮನೆಯಲ್ಲಿ ಮಂದಾಳ ಮಂಚದ ಕೆಳಗೆ ಜ್ಯಾಮಿನ ಬಾಟಲಿಗಳ ಸಾಲು ಎದ್ದಿತು. ಒಂದೊಂದರಲ್ಲಿ ಒಂದೊಂದು ಮರಿ ಜಿರಳೆ. ಎಲ್ಲಕ್ಕೂ ಎಡಗಡೆಯ ಹಿಂದಿನ ಕಾಲು ಇಲ್ಲ. ಬಲಗಡೆಯದನ್ನು ಅವರು ಯಾಕೆ ಮುರಿಯಲಿಲ್ಲ ಎಂದು ನಾನು ಕೇಳಲಿಲ್ಲ, ಅಕ್ಕನೂ ಕೇಳಲಿಲ್ಲ. ಅಕ್ಕನ ಸಿಟ್ಟು ಬೇರೆಯೇ.

“ಮನ್ಯಾಗ ಮಗಳಿಗೆ ಹಿಂಗ ಆಗೇದ. ನೀವು ನೋಡಿದ್ರ ಮೂಕ ಪ್ರಾಣಿದು ಕಾಲು ಮುರೀಲಿಕ್ಕೆ ಹತ್ತೀರಿ. ಪಾಪ ಎಲ್ಲೆ ಇಡ್ತೀರಿ?”

“ಕಾಲು ವಾಪಸ್ ಬರತದಲ್ಲs, ಪಾಪಾನೂ ವಾಪಸ್ ಹೋಗತದ,” ಎಂದರು ಭಾವ.

ಬಾಟಲಿಗಳಲ್ಲಿ ಒಂದು ಮಂದಾಳ ಸ್ವಂತದ್ದು. ಅದರ ಜಿರಳೆಗೆ ಭೀಮ್ಯಾ ಎಂದು ಹೆಸರಿಟ್ಟಿದ್ದಳು. ಬೇರೆ ಮಕ್ಕಳು ಕೆಳಗೆ ಲಗೋರಿ ಆಡುವಾಗ ಇವಳು ಗ್ಯಾಲರಿಯಲ್ಲಿ ಕುಳಿತು ಭೀಮ್ಯಾನಿಗೆ ದೋಸೆಯ ಚೂರು ಹಾಕುತ್ತಿದ್ದಳು. ಒಂದು ಬೆಳಿಗ್ಗೆ ಅವಳು ಕಿರುಚಿದ ಕಿರುಚಿಗೆ ಇಡೀ ಚಾಳು ನಮ್ಮ ಬಾಗಿಲಲ್ಲಿ ನೆರೆಯಿತು. ಭೀಮ್ಯಾ ಪೊರೆ ಕಳಚಿದ್ದ. ಹಾಲಿನಷ್ಟು ಬೆಳ್ಳಗೆ ನಿಂತಿದ್ದ. ಮತ್ತು, ನನ್ನ ಕಣ್ಣಾಣೆ, ಎಡಗಡೆ ಹಿಂದೆ ಒಂದು ಪುಟ್ಟ ಕಾಲು! ಉಳಿದವುಗಳಿಗಿಂತ ಚಿಕ್ಕದು, ಆದರೆ ಕಾಲೇ. ಪಕ್ಕದ ಖೋಲಿಯ ಮರಾಠಿ ಅಜ್ಜಿ “ಗಣಪತಿ ಬಾಪ್ಪಾ!” ಎಂದು ಕೈಮುಗಿದರು. ಜಿರಳೆಗೆ ಯಾರಾದರೂ ಕೈಮುಗಿದದ್ದು ಅದೇ ಮೊದಲಿರಬೇಕು.

ನಾವೆಲ್ಲ ನಗುತ್ತಿದ್ದಾಗ ಮಂದಾ ಕೇಳಿದಳು: “ಅಪ್ಪಾ, ನಾ ಯಾವಾಗ ಪೊರಿ ಬಿಡ್ತೀನಿ?”

ಮರಾಠಿ ಅಜ್ಜಿಗೆ ಕನ್ನಡ ಬಾರದು, ಆದರೂ ಅವರ ನಗು ನಿಂತಿತು. ಭಾವ ಬಾಟಲಿಯನ್ನು ಬೆಳಕಿಗೆ ಹಿಡಿದು, ಅದರೊಳಗೇ ನೋಡುತ್ತ, “ನೋಡ್ತೀನವ್ವಾ,” ಎಂದರು. ಅವರು ಆಡಿದ ಮಾತುಗಳಲ್ಲಿ ನನಗೆ ಎಂದೂ ಮರೆಯದ ಮಾತು ಅದು. ಕಂಡಿಲ್ಲ ಎಂದೂ ಹೇಳಲಿಲ್ಲ, ಕಾಣುತ್ತೇನೆ ಎಂದೂ ಹೇಳಲಿಲ್ಲ.

ಭಾನುವಾರಗಳಂದು ಬೊರಿವಲಿಯ ಪ್ರಯಾಣ. ಆಗ ಬೊರಿವಲಿ ಎಂದರೆ ಹೊಲ, ಗಿಡ, ಹುಲ್ಲು. ಅಲ್ಲಿ ಒಬ್ಬ ವೈದ್ಯ ಎಣ್ಣೆ ತಿಕ್ಕುತ್ತಿದ್ದ. ಅಕ್ಕನಿಗೆ ಅವನ ಮೇಲೆ ನಂಬಿಕೆ. ಭಾವನಿಗೆ ಕವಡೆಯಷ್ಟೂ ಇಲ್ಲ. ಆದರೂ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಚಾಳಿನ ಮೆಟ್ಟಿಲಿಳಿದು, ಲೋಕಲ್ ಹತ್ತಿ, ಅಲ್ಲಿಂದ ಗದ್ದೆಯ ಬದುವಿನ ಮೇಲೆ ನಡೆದು, ಒಂದು ಭಾನುವಾರವೂ ತಪ್ಪಿಸದೆ ಹೋಗುತ್ತಿದ್ದರು. ನಾನೂ ಜೊತೆಗೆ ಹೋಗಿದ್ದ ಒಂದು ಸಲ ಮಂದಾ ಭೀಮ್ಯಾನನ್ನು ಡಬ್ಬಿಯಲ್ಲಿ ಹಾಕಿಕೊಂಡು ಬಂದಿದ್ದಳು. ‘ಅವನಿಗೂ ಎಣ್ಣೆ ಹಚ್ಚಿಸಬೇಕು’ ಎಂದು ಹಟ. ದಾದರ ದಾಟಿದ ಮೇಲೆ ಡಬ್ಬಿಯ ಮುಚ್ಚಳ ಕಳಚಿತು.

ಭಾನುವಾರದ ಲೋಕಲ್, ಕಾಲಿಡಲು ಜಾಗವಿಲ್ಲ. ಅಷ್ಟು ಜನರ ನಡುವೆ ನಮ್ಮ ಭಾವ ನೆಲಕ್ಕೆ ಮೊಣಕಾಲೂರಿ ತೆವಳುತ್ತ ಕನ್ನಡ, ಹಿಂದಿ ಎರಡನ್ನೂ ಕಲಸಿ ಕೂಗುತ್ತಿದ್ದಾರೆ: “ಭಾಯಿಸಾಬ್, ಪಾಂವ್ ಸರಿಸ್ರಿ! ತುಳೀಬ್ಯಾಡ್ರೀ, ಅದಕ್ಕ ಈಗಷ್ಟ ಕಾಲು ಬಂದದ!”

“ಅರೇ, ಪಾಗಲ್ ಹೈ ಕ್ಯಾ?” ಎಂದರು ಯಾರೋ. ಇನ್ಯಾರೋ ಜಿರಳೆಯನ್ನು ಕಂಡು ಮರಾಠಿಯಲ್ಲಿ ‘ಝುರಳ, ಝುರಳ’ ಎಂದು ಚೀರಿದರು. ಮುಂದಿನ ಸ್ಟೇಶನ್ನಿನಲ್ಲಿ ರೈಲಿನ ಆ ಮೂಲೆಯಿಡೀ ಖಾಲಿ! ಭೀಮ್ಯಾ ಒಂದು ಬೆಂಚಿನ ಕೆಳಗೆ ಸಿಕ್ಕಿದ, ಆರೂ ಕಾಲುಗಳ ಸಮೇತ. ಮಂದಾ ಬೊರಿವಲಿಯ ತನಕ ಬೆಂಚಿನ ಮೇಲೆ ಕಾಲು ಚಾಚಿ ಮಲಗಿಕೊಂಡು ಹೋದಳು. ಭಾವ ಪ್ಯಾಂಟಿನ ಧೂಳು ಕೊಡವುತ್ತ, “ನೋಡ್ದ್ಯೇನೋ, ಮುಂಬೈಯಾಗ ಸೀಟು ಸಿಗಬೇಕಂದ್ರ ಇಷ್ಟs ಬೇಕು,” ಎಂದರು.

ಭೀಮ್ಯಾನಿಗೆ ಕಾಲು ಬಂತಲ್ಲ, ಇನ್ನೇನು ಎಂದು ನಮ್ಮ ಭಾವನೆ. ಅದು ಅಷ್ಟು ಸುಲಭವಲ್ಲ ಎಂದು ಭಾವ ಮಗಳಿಗೆ ಬಿಡಿಸಿ ಹೇಳಿದ್ದು ನಾನು ಕೇಳಿದ್ದೇನೆ. ಜಿರಳೆಗೆ ನಮ್ಮ ಹಾಗೆ ಬೆನ್ನಿನಲ್ಲಿ ಅಲ್ಲ, ಹೊಟ್ಟೆಯ ಅಡಿಯಲ್ಲಿ ನರದ ಹುರಿ. ಅದರಲ್ಲಿ ಅಲ್ಲಲ್ಲಿ ಗಂಟುಗಳು. ಕಾಲಿಗೆ ಅಪ್ಪಣೆ ಹೋಗುವುದು ಆ ಗಂಟಿನಿಂದ. “ಭೀಮ್ಯಾಂದು ಕಾಲು ಹೋಗಿತ್ತು, ಗಂಟು ಇತ್ತು. ನಿಂದು ಕಾಲು ಅದ, ಗಂಟಿನ್ಯಾಗ ಅಪ್ಪಣಿ ಕೊಡಾಂವ ಇಲ್ಲ. ಹಂಗಾರ ನಾವು ಜಿರಳೀ ಗಂಟಿಗೇ ಗಾಯಾ ಮಾಡಿ, ಅಲ್ಲೆ ಹೊಸ ನರಕೋಶ ಹುಟ್ಟತಾವೇನು ಅಂತ ನೋಡಬೇಕು.”

ಇಲ್ಲಿಂದ ಭಾವನ ನಿಜವಾದ ಪಾಡು ಶುರು. ಯಾಕೆಂದರೆ ಆ ಗಂಟಿನಲ್ಲಿ ಇರುವುದೆಲ್ಲ ನರಕೋಶವಲ್ಲ! ಪ್ರತಿಯೊಂದು ನರಕೋಶವನ್ನೂ ಸುತ್ತುವರಿದು, ಅಪ್ಪಿಕೊಂಡು, ಉಣಿಸಿಕೊಂಡು ಬೇರೆ ಪುಟ್ಟ ಕೋಶಗಳು ಕುಳಿತಿರುತ್ತವೆ. ಅವು ಅಪ್ಪಣೆ ಕೊಡುವಂಥವಲ್ಲ, ಬರೇ ಜೊತೆಗಿರುವಂಥವು. ಮಾಮೂಲಿ ಬಣ್ಣ ಹಾಕಿದರೆ ಎಲ್ಲವೂ ನೀಲಿ ಚುಕ್ಕೆ, ಯಾವುದು ಯಾವುದೆಂದು ಬ್ರಹ್ಮನಿಗೂ ತಿಳಿಯದು. ಭಾವ ಅವಕ್ಕೆ ‘ಬೀಗರ ಕೋಶ’ ಎಂದು ಹೆಸರಿಟ್ಟಿದ್ದರು. “ದುಡಿಯಾಂವ ಒಬ್ಬ, ಸುತ್ತ ಬೀಗರು ಹತ್ತು ಮಂದಿ,” ಎಂದು ಹೇಳಿ ಯಾಕೋ ನನ್ನ ಟ್ರಂಕಿನ ಕಡೆ ನೋಡಿದರು. ನಾನು ಅಂದು ಸಾಯಂಕಾಲ ಬೇರೆ ಮನೆ ಹುಡುಕಲು ಹೊರಟೆ. ಎಂದಿನಂತೆ ಸಿಗಲಿಲ್ಲ.

ಗುರುತು ಹಿಡಿಯುವ ಉಪಾಯ ಒಂದೇ. ನರಕೋಶಕ್ಕೆ ಉದ್ದನೆಯ ಒಂದು ಬಾಲವಿರುತ್ತದೆ. ಅಪ್ಪಣೆ ಹೋಗುವುದು ಅದರ ಮೂಲಕವೇ. ಬೀಗರ ಕೋಶಕ್ಕೆ ಅಂಥ ಬಾಲವಿಲ್ಲ. ಚೋರ್ ಬಾಜಾರಿನಿಂದ ತಂದ ಹಿತ್ತಾಳೆಯ ಹಳೆಯ ಸೂಕ್ಷ್ಮದರ್ಶಕವೊಂದು ಗ್ಯಾಲರಿಯ ಕಟ್ಟೆಯ ಮೇಲಿತ್ತು. ಅದಕ್ಕೆ ಕಣ್ಣಿಟ್ಟು ಕಣ್ಣಿಟ್ಟು ಮಂದಾ ಈ ವಿದ್ಯೆಯಲ್ಲಿ ಪಂಡಿತೆಯಾಗಿಬಿಟ್ಟಿದ್ದಳು. “ಬಾಲಾ ಇದ್ರ ನರಕೋಶ, ಬಾಲಾ ಇಲ್ಲಾಂದ್ರ ಬೀಗರು,” ಎಂದು ಮಗ್ಗಿಯ ಹಾಗೆ ಹೇಳುತ್ತಿದ್ದಳು. ಇಲ್ಲದ ಬಾಲವನ್ನು ಒಮ್ಮೆ ಇದೆ ಎಂದು ಹೇಳಿ ಅಪ್ಪನಿಂದ ಸೊನ್ನೆಯನ್ನೂ ಪಡೆದಿದ್ದಳು. ಸ್ವಂತ ಮಗಳು, ಅದೂ ಕಾಲಿಲ್ಲದ ಮಗಳು ಎಂದು ಆ ಮನುಷ್ಯ ಒಂದು ಅರ್ಧ ಮಾರ್ಕನ್ನಾದರೂ ಕೊಡಬೇಕೋ ಬೇಡವೋ?

ಒಂದು ಸಂಜೆ ಭಾವ ಪೇಢೆಯ ಪೊಟ್ಟಣ ಹಿಡಿದುಕೊಂಡು ಬಂದರು. ಅವರು ಪೇಢೆ ತಂದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಗಂಟಿಗೆ ಗಾಯ ಮಾಡಿದ ಜಿರಳೆಗಳಲ್ಲಿ, ಸರಿಯಾಗಿ ಗಾಯದ ಜಾಗದಲ್ಲೇ, ಹೊಸ ಕೋಶಗಳು ಗುಂಪುಗುಂಪಾಗಿ ಕಂಡಿದ್ದವು! ಭಾವ ಚಾಳಿನ ಉದ್ದಕ್ಕೂ ಬಾಗಿಲು ಬಾಗಿಲಿಗೆ ಹೋಗಿ ಪೇಢೆ ಕೊಟ್ಟರು. ಶೆಟ್ಟರಿಗೆ ಕೊಟ್ಟರು. ಶೆಟ್ಟರು ಪೇಢೆ ಕಣ್ಣಿಗೊತ್ತಿಕೊಂಡು, “ನಾನು ಹೇಳಿದ್ದಲ್ಲವಾ ಮಾಷ್ಟ್ರೇ, ನಮ್ಮದು ಒಳ್ಳೆ ಮಾಲು!” ಎಂದರು. ಅಕ್ಕ ದೇವರ ಮುಂದೆ ದೀಪ ಹಚ್ಚಿ ಎಷ್ಟು ಹೊತ್ತಾದರೂ ಏಳಲೇ ಇಲ್ಲ.

ಭಾವ ಎಲ್ಲರಿಗೂ ‘ಹೊಸ ನರಕೋಶ’ ಎಂದು ಹೇಳಿದರು. ಕಂಡಿದ್ದದ್ದು ಹೊಸ ಕೋಶ. ನೀಲಿ ಚುಕ್ಕೆ. ಜೀವಮಾನದಲ್ಲಿ ಮೊದಲ ಸಲ ಅವರು ಕಂಡದ್ದಕ್ಕಿಂತ ಒಂದು ಶಬ್ದ ಹೆಚ್ಚು ಹೇಳಿದ್ದರು. ಪೇಢೆ ಬಾಯಲ್ಲಿದ್ದಾಗ ನಮಗ್ಯಾರಿಗೂ ಅದು ಹೊಳೆಯಲಿಲ್ಲ.

ಬಾಲವನ್ನು ಜಗತ್ತಿಗೆ ತೋರಿಸಬೇಕಾದರೆ ಬೆಳ್ಳಿಯ ಬಣ್ಣ ಹಾಕಬೇಕು. ಬೆಳ್ಳಿಯ ಒಂದು ಔಷಧದ ನೀರಿನಲ್ಲಿ ತಾಮ್ರದ ಚೂರು ಹಾಕಿ, ಎಳೆಯಂತೆ ತೆಳ್ಳಗೆ ಕೊಯ್ದ ಆ ಗಂಟನ್ನು ಅದರಲ್ಲಿ ಬೆಚ್ಚಗೆ ನೆನೆಸಿಟ್ಟರೆ, ನರಕೋಶದ ಬಾಲ ಕಾಡಿಗೆಯ ಗೆರೆಯ ಹಾಗೆ ಕಪ್ಪಾಗಿ ಏಳುತ್ತದೆ. ಪೇಟೆಯ ತಾಮ್ರದಿಂದ ಬಣ್ಣ ಸರಿಯಾಗಿ ಹಿಡಿಯಲಿಲ್ಲ, ಕಲಬೆರಕೆ ಎಂದರು ಭಾವ. ಮರುದಿನ ಸಂಧ್ಯಾವಂದನೆಗೆ ಕುಳಿತ ನಾನು ಆಚಮನಕ್ಕೆ ತಾಮ್ರದ ಉದ್ಧರಣೆ ಎತ್ತಿದರೆ, ಅದು ಗಿಡ್ಡಾಗಿದೆ! ತುದಿಯನ್ನು ಯಾರೋ ಅರದಿಂದ ಉಜ್ಜಿದ್ದಾರೆ. ಯಾರೋ ಏನು, ಗೊತ್ತೇ ಇದೆ.

“ಅಕ್ಕಾ, ನಿನ್ನ ಗಂಡ ದೇವರ ಚಮಚಾನೂ ಜಿರಳೀಗೆ ಹಾಕ್ಯಾರ!” ಎಂದು ಕೂಗಿದೆ.

ಅಕ್ಕ ರಣಚಂಡಿಯಾಗುತ್ತಾಳೆ ಎಂದು ಕಾದೆ. ಅವಳು ಒಳಗೆ ಹೋಗಿ, ತವರಿನಿಂದ ತಂದ ತಾಮ್ರದ ತಂಬಿಗೆಯನ್ನು ತಂದು ಭಾವನ ಚೀಲದಲ್ಲಿ ಇಟ್ಟಳು. “ಚಮಚಾ ಎಷ್ಟಂತ ಉಜ್ತೀರಿ? ಇದು ಹಳೇ ತಾಮ್ರ. ಇದನ್ನ ಒಯ್ರಿ,” ಎಂದಳು. ಜಿರಳೆ ಕಂಡರೆ ಮಂಚ ಹತ್ತಿ ನಿಲ್ಲುತ್ತಿದ್ದ ನನ್ನ ಅಕ್ಕ!

ಆ ತಂಬಿಗೆಯ ತಾಮ್ರ ನಿಜವಾಗಿಯೂ ಚೊಕ್ಕ ತಾಮ್ರ. ಬಣ್ಣ ಬಹಳ ಚೆನ್ನಾಗಿ ಹಿಡಿಯಿತು. ಹಾಗೆಂದು ನಮಗೆ ತಿಳಿದದ್ದು ಭಾವನ ಮುಖದಿಂದ. ಮನೆಗೆ ಬಂದವರು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ಕುಳಿತರು. ಮಂದಾ ಮರಾಠಿ ಅಜ್ಜಿಯ ಖೋಲಿಯಲ್ಲಿದ್ದಳು. ಅಕ್ಕ ಕೇಳಿದಳು: “ಬಾಲಾ?”

“ಹಳೇ ನರಕೋಶದ ಬಾಲಾ ಎಲ್ಲಾ ಕಂಡ್ವು. ಹೊಸಾವಕ್ಕ ಇಲ್ಲ. ಒಂದಕ್ಕೂ ಇಲ್ಲ. ಅವು ಬೀಗರು.” ಕಾಲಿನಲ್ಲೇ ಉಳಿದಿದ್ದ ಚಪ್ಪಲಿಯನ್ನು ಬಿಡಿಸುತ್ತ ಮತ್ತೆ ಹೇಳಿದರು: “ಮನ್ಯಾಗ ಏನರೆ ಆತಂದ್ರ ಬೀಗರು ಓಡಿ ಬರ್ತಾರಲ್ಲ, ಹಂಗ ಬಂದಾವ. ಗಾಯದ ಸುತ್ತ ಕೂತಾವ. ಮಾಡ್ಲಿಕ್ಕೆ ಏನೂ ಬರಂಗಿಲ್ಲ ಅವಕ್ಕ. ಸುಮ್ನ ಕೂತಾವ.”

ನಾನೂ ಸುಮ್ಮನೆ ಕುಳಿತಿದ್ದೆ. ನನಗೂ ಮಾಡಲು ಏನೂ ಬರುತ್ತಿರಲಿಲ್ಲ. ಆ ಜಿರಳೆಯ ಬೀಗರ ಮೇಲೆ ನನಗಿದ್ದ ಸಿಟ್ಟೆಲ್ಲ ಅಂದೇ ಹೋಯಿತು.

ಮಂದಾಳಿಗೆ ಹೇಳುವವರು ಯಾರು? ಅಕ್ಕ ನನ್ನಿಂದಾಗದು ಎಂದಳು. ನಾನು ತಲೆ ತಗ್ಗಿಸಿದೆ. ಭಾವ ಕೆಲವು ದಿನ ಕಾಲೇಜಿಗೆ ಹೋದರು, ಬಂದರು, ಉಂಡರು. ಅನ್ನಕ್ಕೆ ಉಪ್ಪು ಬಿದ್ದಿಲ್ಲ ಎಂದು ಕೂಡ ಹೇಳಲಿಲ್ಲ. ಬಾಟಲಿಗಳ ಕಡೆ ತಿರುಗಿಯೂ ನೋಡಲಿಲ್ಲ. ಭೀಮ್ಯಾನಿಗೆ ದೋಸೆ ಹಾಕುವ ಮಂದಾ ಮಾತ್ರ ದಿನವೂ “ಅಪ್ಪಾ, ಬೆಳ್ಳಿ ಬಣ್ಣ ಹಿಡೀತೇನು?” ಎಂದು ಕೇಳುತ್ತಿದ್ದಳು.

ಒಂದು ಭಾನುವಾರ ಬೊರಿವಲಿಗೆ ಹೋಗಲಿಲ್ಲ. ಭಾವ ಕಾಲೇಜಿನಿಂದ ತಂದಿದ್ದ, ಬೆಳ್ಳಿ ಬಣ್ಣ ಹಿಡಿದ ಗಂಟಿನ ಎಳೆಯಿದ್ದ ಗಾಜಿನ ಪಟ್ಟಿಯನ್ನು ಜೇಬಿನಿಂದ ತೆಗೆದರು. “ನಾ ಹೇಳೂದಿಲ್ಲ. ಅಕಿನs ನೋಡ್ಲಿ. ಅಕಿಗೆ ನೋಡ್ಲಿಕ್ಕೆ ಬರತದ,” ಎಂದರು. ಗ್ಯಾಲರಿಯಲ್ಲಿ ಮಧ್ಯಾಹ್ನದ ಒಳ್ಳೆಯ ಬೆಳಕು. ಮಂದಾಳನ್ನು ಎತ್ತಿ ಕಟ್ಟೆಯ ಹತ್ತಿರದ ಸ್ಟೂಲಿನ ಮೇಲೆ ಕೂರಿಸಿ, ಪಟ್ಟಿ ಸಿಕ್ಕಿಸಿ, ಕನ್ನಡಿ ತಿರುಗಿಸಿ, ಮೊದಲು ನನಗೆ ತೋರಿಸಿದರು. ನನ್ನಂಥ ದಡ್ಡನಿಗೂ ಸ್ಪಷ್ಟವಾಗಿತ್ತು. ಅಂಚಿನಲ್ಲಿ ದೊಡ್ಡ ಕೋಶಗಳು, ಅವುಗಳ ಕಪ್ಪು ಬಾಲ. ನಡುವೆ ಗಾಯ. ಗಾಯದ ಸುತ್ತ ಪುಟ್ಟ ಪುಟ್ಟ ಕೋಶಗಳ ಗುಂಪು, ಬಾಲವೇ ಇಲ್ಲ.

ಆಮೇಲೆ ಮಂದಾ ಕಣ್ಣಿಟ್ಟಳು. ಒಂದು ಕಣ್ಣು ಮುಚ್ಚಿ, ನಾಲಿಗೆಯ ತುದಿ ಕಚ್ಚಿಕೊಂಡು ಬಹಳ ಹೊತ್ತು ನೋಡಿದಳು. ಕೆಳಗಿನ ರಸ್ತೆಯಲ್ಲಿ ಹುಡುಗರ ಲಗೋರಿಯ ಗದ್ದಲ ಕೇಳುತ್ತಿತ್ತು.

“ಗಾಯದ ಹತ್ತರ ಇದ್ದಾವು ನೋಡು,” ಎಂದರು ಭಾವ. “ಬಾಲಾ ಅದ ಏನು?”

ಮಂದಾ ತಲೆ ಎತ್ತಿದಳು. ಗಾಜಿನ ಪಟ್ಟಿಯನ್ನು ಬಿಟ್ಟು ಅಪ್ಪನ ಮುಖವನ್ನು ನೋಡಿದಳು. ಅದನ್ನೂ ಬಹಳ ಹೊತ್ತು ನೋಡಿದಳು. ಮತ್ತೆ ಕಣ್ಣಿಟ್ಟಳು.

“ಅದ ಅಪ್ಪಾ,” ಎಂದಳು. “ಸಣ್ಣದದ. ಭಾಳ ಸಣ್ಣದು. ಈಗಷ್ಟ ಬರ್ಲಿಕ್ಕೆ ಹತ್ತೇದ.”

ಅಕ್ಕ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಮಗು ಸುಳ್ಳು ಹೇಳುತ್ತಿದೆ ಎಂದು ನಮಗೆ ಮೂವರಿಗೂ ತಿಳಿದಿತ್ತು. ಯಾರಿಗಾಗಿ ಹೇಳುತ್ತಿದೆ ಎಂದೂ ತಿಳಿದಿತ್ತು. ಅವಳ ಆ ಒಣಗಿದ ಪುಟ್ಟ ಕಾಲು ಸ್ಟೂಲಿನಿಂದ ಇಳಿಬಿದ್ದಿತ್ತು. ಅದಕ್ಕೆ ಇನ್ನು ಅಪ್ಪಣೆ ಬರುವುದಿಲ್ಲ ಎಂದು ಅವಳಿಗೆ ಆ ಕ್ಷಣ ಗೊತ್ತಾಗಿತ್ತು. ಆದರೂ ಅವಳು ಕಾಲನ್ನು ನೋಡಲಿಲ್ಲ, ಅಪ್ಪನನ್ನೇ ನೋಡಿದಳು.

“ಸೊನ್ನಿ,” ಎಂದರು ಭಾವ.

ಭಾವ ಅವಳನ್ನು ಸ್ಟೂಲಿನಿಂದ ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಗದ್ದ ಹಿಡಿದು ತಮ್ಮ ಕಡೆ ತಿರುಗಿಸಿದರು.

“ಈಗ ಇಲ್ಲೆ ನೋಡು. ಕಂಡದ್ದಷ್ಟ ಹೇಳಬೇಕು. ಏನು ಕಾಣಸ್ತದ?”

“ನೀ ಅಳ್ಲಿಕ್ಕೆ ಹತ್ತೀದಿ ಅಪ್ಪಾ.”

“ಹಾಂ,” ಎಂದರು ಭಾವ, ಮಗಳ ಎಡಗಾಲಿನ ಮೇಲೆ ಕೈಯಿಟ್ಟುಕೊಂಡು. “ಇದಕ್ಕ ಪೂರಾ ಮಾರ್ಕ್ಸ್.”